ದುಭಾಷಿಗೆ ನಿಷೇಧಿಸಲಾದ ಪ್ರಶ್ನೆಗಳು

ಪರದೆ ಅಂಗಡಿಯ ಒಡತಿಯನ್ನು ಆ ಬೀದಿಯಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನ್ಯಾಯವಾಗಿ ಹಾಗೆ ಕರೆಯುವ ಹಕ್ಕಿದ್ದದ್ದು ಒಬ್ಬನಿಗೆ ಮಾತ್ರ. ಅವನು ಅವಳ ಗಂಡನ ತಮ್ಮ. ಪಕ್ಕದ ಮಳಿಗೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ "ಅತ್ತಿಗೆ, ಟೇಪ್ ಕೊಡಿ", "ಅತ್ತಿಗೆ, ಚಿಲ್ಲರೆ ಇದೆಯಾ" ಎಂದು ಅವನು ಗೋಡೆಯಾಚೆಯಿಂದ ಕೂಗಿ ಕೂಗಿ, ಕೇಳಿದವರ ಬಾಯಿಗೂ ಅದೇ ಹತ್ತಿಕೊಂಡಿತು. ಅವಳ ತಂದೆಯ ವಯಸ್ಸಿನ ಗಿರಾಕಿಗಳೂ "ಅತ್ತಿಗೆ, ಕಿಟಕಿಗೆ ಬಟ್ಟೆ ಬೇಕಿತ್ತು" ಎನ್ನುತ್ತಲೇ ಮೆಟ್ಟಿಲು ಹತ್ತುತ್ತಿದ್ದರು. ಅವಳು ಯಾರನ್ನೂ ತಿದ್ದಲಿಲ್ಲ. ಬಾಯ್ತುಂಬ ಅತ್ತಿಗೆ ಎಂದು ಕರೆದವನು ಆಮೇಲೆ ದರಕ್ಕಾಗಿ ಕಚ್ಚಾಡುವುದು ಎಷ್ಟು ಕಷ್ಟ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರುವುದರಲ್ಲಿ ಅವಳಿಗೆ ಬರುತ್ತಿದ್ದದ್ದು ಎರಡೇ ವಿದ್ಯೆ. ಮೊದಲನೆಯದು, ಬೇಡ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನೇ ಕೇಳದಿರುವುದು. "ಬೇಕಾ?" ಎಂಬ ಪದ ಆ ಅಂಗಡಿಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಸುಮ್ಮನೆ ನೋಡಿ ಹೋಗೋಣ ಎಂದು ಬಂದವರನ್ನೂ ಅವಳು ಕೇಳುತ್ತಿದ್ದದ್ದು, "ರಿಂಗ್ ಹಾಕಿಸ್ಲಾ, ಪಟ್ಟಿ ಹೊಲಿಸ್ಲಾ?" ಎಂದು. ಗಿರಾಕಿ ಸ್ವಲ್ಪ ಯೋಚಿಸಿ, ಬಹಳ ಜಾಣತನದ ಆಯ್ಕೆ ಮಾಡಿದವನಂತೆ "ರಿಂಗೇ ಇರಲಿ" ಎನ್ನುತ್ತಿದ್ದ. ಪರದೆಯನ್ನು ಕೊಂಡದ್ದು ಯಾವಾಗ ಎಂಬ ಪ್ರಶ್ನೆ ಅವನಿಗೆ ಹೊಳೆಯುತ್ತಿದ್ದದ್ದು ಮನೆಗೆ ಹೋದ ಮೇಲೆ.

ಎರಡನೆಯದನ್ನು ಅವಳು ಗಟ್ಟಿ ಆಸಾಮಿಗಳಿಗೆಂದು ತೆಗೆದಿಟ್ಟಿದ್ದಳು. ಗಿರಾಕಿ ಮೀನಮೇಷ ಎಣಿಸತೊಡಗಿದರೆ ಅವಳು ಬಟ್ಟೆಯನ್ನು ಮೆಲ್ಲಗೆ ಮಡಿಸಲು ಶುರು ಮಾಡುತ್ತಿದ್ದಳು. "ಬಿಡಿ, ಇದು ನಿಮಗಲ್ಲ." ಅಷ್ಟೇ. ದನಿಯಲ್ಲಿ ಕೋಪವಿಲ್ಲ, ಬೇಸರವಿಲ್ಲ. ಮಡಿಕೆ ಮೇಲೆ ಮಡಿಕೆ ಬೀಳುತ್ತಿದ್ದಂತೆ ಗಿರಾಕಿಯ ಕಣ್ಣೂ ಬಟ್ಟೆಯ ಹಿಂದೆಯೇ ಹೋಗುತ್ತಿತ್ತು.

ಗಂಡ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದ. ಹೂಂ ಎನ್ನುವುದನ್ನು ಬಿಟ್ಟರೆ ಅವನ ಬಾಯಿಂದ ಮಾತು ಬೀಳುತ್ತಿದ್ದದ್ದು ಅಪರೂಪ. ಮದುವೆಗೆ ಮುಂಚೆ, ಇಬ್ಬರಿಗೂ ಅಷ್ಟಾಗಿ ಪರಿಚಯವೂ ಇಲ್ಲದಾಗ, ಅವಳು "ನೀವು ಹೊಲಿಗೆ ನೋಡ್ಕೋತೀರಾ, ಗಿರಾಕಿ ನೋಡ್ಕೋತೀರಾ?" ಎಂದು ಕೇಳಿದ್ದಳಂತೆ. ಹೊಲಿಗೆ ಎಂದವನು ಅಂದಿನಿಂದ ಹೊಲಿಯುತ್ತಿದ್ದಾನೆ. ಮದುವೆಗೆ ಒಪ್ಪಿದ್ದು ಯಾವಾಗ ಎಂಬುದು ಮಾತ್ರ ಅವನಿಗೆ ಇಂದಿಗೂ ನೆನಪಿಗೆ ಬರುವುದಿಲ್ಲ.

ಇನ್ನು ಮೈದುನ. ಅವನಿಗೊಂದು ಹುಚ್ಚಿತ್ತು. ಕಟ್ಟು ಹಾಕಿ ಉಳಿದ ರಟ್ಟಿನ ತುಂಡುಗಳಲ್ಲಿ ಗ್ರಹ, ಚಂದ್ರ, ನೌಕೆಗಳನ್ನು ಕತ್ತರಿಸಿ, ಬಣ್ಣ ಬಳಿದು, ವರ್ಷಗಟ್ಟಲೆ ಕೂತು ಒಂದು ಆಟ ಕಟ್ಟಿದ್ದ. ಹೆಸರು ಆಕಾಶಬಂದರು. ಕಾಯಿ ನಡೆಸಿ ಮುಗಿಸುವ ಆಟವಲ್ಲ ಅದು. ಮೇಜಿನ ಸುತ್ತ ಕೂತು ಬಾಯಲ್ಲೇ ಕಟ್ಟುತ್ತಾ ಹೋಗುವ ಕಥೆ. ಮುಂದೆಂದೋ ಬರಲಿರುವ ಕಾಲದಲ್ಲಿ ನಾಲ್ಕು ಜನ ಒಂದು ನೌಕೆ ಹತ್ತಿ ನಕ್ಷತ್ರಗಳ ನಡುವೆ ಸರಕು ಸಾಗಿಸುತ್ತಾರೆ. ಆಡುವವರು ಒಬ್ಬೊಬ್ಬರೂ ಒಂದೊಂದು ಕಸುಬು ಹಿಡಿಯಬೇಕು: ಚಾಲಕ, ಸಿಪಾಯಿ, ಮೆಕ್ಯಾನಿಕ್, ದುಭಾಷಿ. ದಾರಿಯಲ್ಲಿ ಎದುರಾಗುವ ಕಳ್ಳರು, ಸುಂಕದ ಅಧಿಕಾರಿಗಳು, ಮೂರು ತಲೆಯ ಚಕ್ರವರ್ತಿ, ಇವರೆಲ್ಲರ ಪರವಾಗಿ ಮಾತನಾಡುವವನು ಆಟ ನಡೆಸುವ ಮೈದುನ. ಕಷ್ಟದ ಕೆಲಸಕ್ಕೆ ಕೈ ಹಾಕಿದವರು ದಾಳ ಹಾಕಬೇಕು. ದೊಡ್ಡ ಸಂಖ್ಯೆ ಬಿದ್ದರೆ ಕೆಲಸ ಆಯಿತು, ಚಿಕ್ಕದು ಬಿದ್ದರೆ ಕೆಟ್ಟಿತು. ಇಂಥ ಆಟದಲ್ಲಿ ಎಲ್ಲ ಕಸುಬುಗಳೂ ಒಂದಕ್ಕೊಂದು ಸಮ ತೂಗಬೇಕು. ಒಂದೇ ಕಸುಬು ಎಲ್ಲ ಗೆಲ್ಲುವುದಾದರೆ ಉಳಿದವರು ಬಂದು ಕೂರುವುದೇಕೆ?

ವಾರದ ರಜೆಯ ಮಧ್ಯಾಹ್ನ ಪರದೆ ಅಂಗಡಿಯ ಶಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆಟ ನಡೆಯುತ್ತಿತ್ತು. ಎದುರು ಸಾಲಿನ ಸಲೂನಿನವನು ಸಿಪಾಯಿ. ಬೀದಿಗೆಲ್ಲ ಅವನ ಹೆಸರು ಕತ್ತರಿ. ಚಾಲಕನಾಗಿದ್ದವರು ಕಾರು ಕಲಿಸುವ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಜನ್ಮವಿಡೀ ಬ್ರೇಕ್ ಒತ್ತಿದ್ದರಿಂದ ಅವರಿಗೆ ಬ್ರೇಕ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ನೌಕೆ ಗ್ರಹದ ಹತ್ತಿರ ಬಂದಾಗ ಮೇಜಿನ ಕೆಳಗೆ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮೆಕ್ಯಾನಿಕ್ ಅಣ್ಣ, ಅಂದರೆ ಅತ್ತಿಗೆಯ ಗಂಡ. ಅವನು ಯಂತ್ರ ಬಿಟ್ಟು ಏಳುತ್ತಿರಲಿಲ್ಲ. "ಎಂಜಿನ್ ರಿಪೇರಿ ಆಯ್ತಾ ಅಣ್ಣ?" ಎಂದರೆ ಅಲ್ಲಿಂದಲೇ ಹೂಂ ಎನ್ನುತ್ತಿದ್ದ.

ಟೀ ತಂದಿಡುತ್ತಿದ್ದ ಅತ್ತಿಗೆಯನ್ನು "ನೀವೂ ಕೂತ್ಕೊಳ್ಳಿ" ಎಂದು ಕರೆದವನು ಮೈದುನನೇ. ಯಾರೂ ಮುಟ್ಟದೆ ಬಿದ್ದಿದ್ದ ದುಭಾಷಿಯ ಕಸುಬನ್ನು ಅವಳಿಗೆ ಕೊಟ್ಟ. ಬಂದೂಕಿಲ್ಲ, ಸಲಕರಣೆಯಿಲ್ಲ, ಎಲ್ಲ ಲೋಕದ ಭಾಷೆಯೂ ಬರುತ್ತದೆ, ಅಷ್ಟೆ. ಪಾಪ, ಬೇಜಾರಾಗದ ಹಾಗೆ ಒಂದು ಕಡೆ ಕೂತಿರಲಿ ಎಂಬುದು ಅವನ ಲೆಕ್ಕ.

ಮೊದಲ ದಿನವೇ ಆಕಾಶಗಳ್ಳರು ಅಡ್ಡಗಟ್ಟಿದರು.

"ಸರಕು ಒಪ್ಪಿಸಿ. ಇಲ್ಲಾಂದ್ರೆ ಹಡಗು ಸುಟ್ಟು ಬೂದಿ ಮಾಡ್ತೀವಿ," ಎಂದು ಮೈದುನ ಗಂಟಲು ದಪ್ಪ ಮಾಡಿಕೊಂಡು ಗುಡುಗಿದ.

ಕತ್ತರಿ ತೋಳು ಮೇಲೇರಿಸಿ ದಾಳ ಎತ್ತಿಕೊಂಡ. ಅತ್ತಿಗೆ ಲೋಟ ಕೆಳಗಿಟ್ಟಳು.

"ಅಷ್ಟು ದೂರದಿಂದ ಬಂದಿದೀರಿ. ಹಡಗು ಎಡಗಡೆ ನಿಲ್ಲಿಸ್ತೀರಾ, ಬಲಗಡೆ ನಿಲ್ಲಿಸ್ತೀರಾ?"

"ಬಲಗಡೆ," ಎಂದ ಕಳ್ಳರ ನಾಯಕ.

"ಬಲಗಡೆ ಆದ್ರೆ ನಿಮ್ಮ ಹುಡುಗರು ಮುಂದಿನ ಬಾಗಿಲಿಂದ ಇಳಿಸ್ತಾರಾ, ಹಿಂದಿನ ಬಾಗಿಲಿಂದ ಇಳಿಸ್ತಾರಾ?"

"ಏನನ್ನ ಇಳಿಸೋದು?"

"ಸರಕನ್ನ. ಮುಂದಿನ ಬಂದರಲ್ಲಿ. ಹೇಗೂ ಅದೇ ದಾರೀಲಿ ಹೋಗ್ತಿದೀರಿ."

"ಹಿಂದಿನ ಬಾಗಿಲು," ಎಂದ ಮೈದುನ. ಅನ್ನುವಷ್ಟರಲ್ಲಿ ಬ್ರಹ್ಮಾಂಡದ ಅತ್ಯಂತ ಕ್ರೂರ ಕಳ್ಳರು ಹಮಾಲರಾಗಿದ್ದರು. ಕತ್ತರಿಯ ಕೈಯಲ್ಲಿ ದಾಳ ಹಾಗೇ ಉಳಿಯಿತು.

ಎರಡು ವಾರ ಇದು ತಮಾಷೆಯಾಗಿತ್ತು. ಆಮೇಲೆ ಕತ್ತರಿಗೆ ಹೊಟ್ಟೆ ಉರಿಯತೊಡಗಿತು. "ನಾನು ಒಂದು ಗುಂಡು ಹಾರಿಸ್ಬೇಕಾದ್ರೂ ದಾಳ ಹಾಕ್ಬೇಕು. ಅತ್ತಿಗೆ ಬಾಯಿ ತೆಗೆದ್ರೆ ಸಾಕು. ಇದು ಯಾವ ಸೀಮೆ ನ್ಯಾಯ ಕಣೋ?"

ಮೈದುನನಿಗೂ ಹೌದೆನ್ನಿಸಿತು. ದುಭಾಷಿಯ ಕಸುಬು ಸಿಕ್ಕಾಪಟ್ಟೆ ಬಲವಾಗಿಬಿಟ್ಟಿದೆ ಎಂದು ತೀರ್ಮಾನಿಸಿ, ಅದರ ನಿಯಮದ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ: ದುಭಾಷಿಯು ಶತ್ರುವಿನ ಮುಂದೆ ಎರಡು ಆಯ್ಕೆಗಳನ್ನು ಇಡತಕ್ಕದ್ದಲ್ಲ.

ಅತ್ತಿಗೆ ಓದಿ ತಲೆಯಾಡಿಸಿದಳು. ಮುಂದಿನ ವಾರ ಎಂಟು ಕಾಲಿನ ಸುಂಕದ ಅಧಿಕಾರಿ ನೌಕೆ ತಡೆದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಊಟ ಆಯ್ತಾ?" ಮೈದುನನಿಗೆ ನಿಜವಾಗಿಯೂ ಆಗಿರಲಿಲ್ಲ. "ಇನ್ನೂ ಇಲ್ಲ," ಎಂದ. ಎಂಟೂ ಕಾಲು ಮಡಿಸಿಕೊಂಡು ಕೂತ ಅಧಿಕಾರಿ ತಿಂದು ಕೈ ತೊಳೆದು ಎಲ್ಲಕ್ಕೂ ಮೊಹರು ಒತ್ತಿ ಕಳಿಸಿದ.

ದುಭಾಷಿಯು ಶತ್ರುವಿನ ಊಟ ತಿಂಡಿ ವಿಚಾರಿಸತಕ್ಕದ್ದಲ್ಲ.

ಅದರ ಮುಂದಿನ ವಾರ ಉಕ್ಕಿನ ಬಾಗಿಲು ಕಾಯುವ ಯಂತ್ರಮಾನವ. ಅದಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ಮೈದುನ ಬಹಳ ಮುಂದಾಲೋಚನೆಯಿಂದ ಕಟ್ಟಿದ್ದ.

"ತಾಯಿ ಹೇಗಿದಾರೆ?" ಎಂದಳು ಅತ್ತಿಗೆ.

"ಯಂತ್ರಕ್ಕೆ ತಾಯಿ ಇರಲ್ಲ ಅತ್ತಿಗೆ."

"ಅಯ್ಯೋ ಪಾಪ."

ಅದನ್ನು ಅವಳು ಹೇಳಿದ ರೀತಿಗೆ ಬ್ರೇಕ್ ಮೇಷ್ಟ್ರ ಕಣ್ಣೂ ಒದ್ದೆಯಾಯಿತು. ಉಕ್ಕಿನ ಬಾಗಿಲು ತೆರೆಯಿತು. ಆ ಸಂಜೆ ಹಾಳೆಯ ಮೇಲೆ ಇನ್ನೆರಡು ಸಾಲು ಬಿದ್ದವು: ದುಭಾಷಿಯು ಶತ್ರುವಿನ ಬಂಧುಬಳಗದ ಆರೋಗ್ಯ ವಿಚಾರಿಸತಕ್ಕದ್ದಲ್ಲ. ದುಭಾಷಿಯು ಅಯ್ಯೋ ಪಾಪ ಎನ್ನತಕ್ಕದ್ದಲ್ಲ. ಹೀಗೇ ಹಾಳೆ ತುಂಬಿ, ಮಗ್ಗುಲು ತಿರುಗಿಸಿ, ಹಿಂಬದಿಯೂ ತುಂಬತೊಡಗಿತು. ನಿಟ್ಟುಸಿರು ಬಿಡುವಂತಿಲ್ಲ. ಎದ್ದು ಹೋಗುವವಳಂತೆ ನಟಿಸುವಂತಿಲ್ಲ. ಎಲ್ಲಕ್ಕೂ ಅತ್ತಿಗೆ ತಲೆಯಾಡಿಸಿದಳು, ಎಲ್ಲವನ್ನೂ ಪಾಲಿಸಿದಳು, ಪ್ರತಿವಾರವೂ ಗೆದ್ದಳು. ಗಿರಾಕಿಗಳ ಮುಂದೆ ನಗದ ನಗೆಯನ್ನೆಲ್ಲ ಆ ಮಧ್ಯಾಹ್ನಗಳಿಗೆಂದು ಕೂಡಿಡುತ್ತಿದ್ದಳೇನೋ, ಮೈದುನ ತಲೆ ಕೆರೆದುಕೊಂಡಾಗಲೆಲ್ಲ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

ನಗು ನಿಂತದ್ದು ಕಂಪನಿಯ ಸುದ್ದಿ ಬಂದ ದಿನ. ಆಟಿಕೆ ತಯಾರಿಸುವ ಕಂಪನಿಯೊಂದಕ್ಕೆ ಮೈದುನ ಈ ನಿಷೇಧಗಳ ಸಮೇತ ಆಕಾಶಬಂದರನ್ನು ಎರಡು ಸಲ ಕಳಿಸಿದ್ದ, ಎರಡು ಸಲವೂ ಅದು ವಾಪಸು ಬಂದಿತ್ತು. ಕಾರಣ ಒಂದೇ: ಕಸುಬುಗಳಲ್ಲಿ ಸಮತೋಲವಿಲ್ಲ. ಈಗ ಅಲ್ಲಿಯ ಅಧಿಕಾರಿಣಿ ಈ ಕಡೆ ಬರುವವಳಿದ್ದಳು. ಕೊನೆಯ ಸಲ ಕೂತು ಆಡಿಯೇ ನೋಡುತ್ತೇನೆ ಎಂದು ಒಪ್ಪಿದ್ದಳು.

"ಈ ಸಲವೂ ಆಗ್ಲಿಲ್ಲ ಅಂದ್ರೆ ಸಾಕು," ಎಂದ ಮೈದುನ, ಕೆಂಪು ಗ್ರಹವೊಂದನ್ನು ಕೈಯಲ್ಲಿ ತಿರುಗಿಸುತ್ತಾ. "ಒಳ್ಳೇ ರಟ್ಟು. ಕತ್ತರಿಸಿ ಫೋಟೋಗಳ ಹಿಂದೆ ಹಾಕ್ಬಿಡ್ತೀನಿ."

ಅವನು ಆಚೆ ಹೋದದ್ದನ್ನು ನೋಡಿ ಕತ್ತರಿ ಕುರ್ಚಿ ಹತ್ತಿರ ಎಳೆದುಕೊಂಡ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಆಟ ಕೆಡ್ತಾ ಇರೋದು ನಿಮ್ಮಿಂದ. ಆವತ್ತೊಂದು ದಿನ ನೀವು ಸಿಪಾಯಿ ಆಗಿ. ಬಂದೂಕು ಹಿಡ್ಕೊಂಡು ಸುಮ್ನೆ ಕೂತ್ಕೊಳ್ಳಿ."

"ಸುಮ್ನೆ ಅಂದ್ರೆ?"

"ಒಳಗೆ ಅಣ್ಣ ಕೂತಿರ್ತಾರಲ್ಲ, ಹಾಗೆ."

ಅತ್ತಿಗೆ ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆ ಗ್ರಹಗಳಿಗೆ ಮೈದುನ ಬಣ್ಣ ಬಳಿಯುವುದನ್ನು ಅವಳು ನೋಡಿದ್ದಳು. ಕಟ್ಟು ಹಾಕಿಸಲು ಬಂದವರನ್ನು ಕಾಯಿಸಿ ಗ್ರಹವೊಂದಕ್ಕೆ ಉಂಗುರ ಅಂಟಿಸುತ್ತಿದ್ದ ಪ್ರಾಣಿ ಅದು. ತನ್ನ ಬಾಯಿ ಅದನ್ನೆಲ್ಲ ಮತ್ತೆ ಬರೀ ರಟ್ಟಿನ ಚೂರು ಮಾಡಿಬಿಡುವುದಾದರೆ ಬಾಯಿಗೇ ಬೀಗ ಹಾಕಬೇಕು.

ಬೀಗ ಅವಳ ಕಸುಬಿನಲ್ಲೇ ಇತ್ತು. ಅಧಿಕಾರಿಣಿ ಬಂದ ಮಧ್ಯಾಹ್ನ ಅವಳು ಮೇಜಿಗೆ ಬಂದಾಗ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ ಕಚ್ಚಿಕೊಂಡಿದ್ದಳು, ಪರದೆಯ ಅಂಚು ಮಡಿಸಿ ಚುಚ್ಚುವಾಗ ಕಚ್ಚಿಕೊಳ್ಳುವಂತೆ. ಮಡಿಲಲ್ಲಿ ಯಾವುದೋ ಪರದೆಯನ್ನೂ ಇಟ್ಟುಕೊಂಡಿದ್ದಳು, ಅನುಮಾನ ಬಾರದಿರಲೆಂದು.

ಕಂಪನಿಯಾಕೆ ಗಟ್ಟಿ ಹೆಂಗಸು. ಆಟದ ಪೆಟ್ಟಿಗೆ ತೆರೆಯುವ ಮುಂಚೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ತರಕಾರಿ ತಟ್ಟಿ ನೋಡುವವಳಂತೆ ನೋಡಿದಳು. ಬೇರೆ ಕಸುಬುಗಳನ್ನೆಲ್ಲ ಸರಿಸಿ ದುಭಾಷಿಯ ಹಾಳೆ ಎತ್ತಿಕೊಂಡಳು. "ಯಾರಿಗೂ ಬೇಡವಾದ ಕಸುಬನ್ನೇ ನಾನು ಮೊದಲು ಆಡೋದು. ಆಟದ ಹಣೆಬರಹ ಅಲ್ಲಿ ಗೊತ್ತಾಗತ್ತೆ."

ಹಾಳೆಯ ಈ ಬದಿ ಓದಿದಳು, ಆ ಬದಿ ಓದಿದಳು, ಮತ್ತೆ ಈ ಬದಿಗೆ ಬಂದಳು.

"ಈ ಅಯ್ಯೋ ಪಾಪ ಅನ್ನೋದು ಏನು, ಆಯುಧಾನಾ?"

"ಹೌದು ಮೇಡಂ," ಎಂದ ಕತ್ತರಿ ಗಂಭೀರವಾಗಿ. ದುಭಾಷಿಯೂ ಸಿಪಾಯಿಯೂ ಬೇರೆಯವರ ಪಾಲಾಗಿದ್ದರಿಂದ ಅವನಿಗೆ ಅಂದು ಪಕ್ಕದಲ್ಲಿ ಕೂತು ನೋಡುವ ಕೆಲಸ. "ಬಹಳ ಅಪಾಯದ್ದು."

ಆಟ ನಡೆಯಿತು. ಕಂಪನಿಯಾಕೆ ಕಳ್ಳರ ಹತ್ತಿರ ಮಾತನಾಡಿದಳು, ದಾಳ ಕೈಕೊಟ್ಟಿತು. ಸುಂಕದವನ ಹತ್ತಿರ ಮಾತನಾಡಿದಳು; ನಿಷೇಧ ಅಡ್ಡ ಬಂದಿತು. ಬೇಸತ್ತು ಉಸಿರು ಬಿಟ್ಟಳು, ಅದಕ್ಕೂ ನಿಷೇಧವಿತ್ತು. "ಒಬ್ಬರ ಬಾಯಿಗೆ ಪಟ್ಟಿ ಅಂಟಿಸಿ ದುಭಾಷಿ ಅಂತ ಹೆಸರಿಟ್ಟಿದೀರಿ," ಎಂದು ಹಾಳೆ ಕೆಳಗಿಟ್ಟಳು. ಮೈದುನನ ಮುಖ ರಟ್ಟಿನ ಬಣ್ಣಕ್ಕೆ ತಿರುಗಿತು. ಬ್ರೇಕ್ ಮೇಷ್ಟ್ರ ಕಾಲು ನೆಲ ಒತ್ತಿಕೊಂಡೇ ಇತ್ತು. ಅತ್ತಿಗೆ ಸೂಜಿ ಕಚ್ಚಿಕೊಂಡು ಸೂರು ನೋಡುತ್ತಿದ್ದಳು.

ಕೊನೆಗೆ ನೌಕೆ ಮೂರು ತಲೆಯ ಚಕ್ರವರ್ತಿಯ ಅರಮನೆ ಮುಟ್ಟಿತು. ಮೈದುನ ಎದೆ ಸೆಟೆಸಿ ಮೂರೂ ಗಂಟಲಿನಿಂದ ಆಜ್ಞೆ ಮಾಡಿದ. "ನನ್ನ ಸಭೆಗೆ ಆಯುಧ ಹಿಡಿದು ಬಂದವರು ಯಾರೂ ಜೀವಂತ ಮರಳಿಲ್ಲ. ಸಿಪಾಯಿ, ನಿನ್ನ ಬಂದೂಕು ಕೆಳಗಿಡು."

ಸಿಪಾಯಿ ಮಾತನಾಡಲೇಬೇಕಾಯಿತು. ಬಂದೂಕು ಕೆಳಗಿಡಲು ಸಿಪಾಯಿಗೆ ಅಭ್ಯಂತರವೇನೂ ಇರಲಿಲ್ಲ; ಎಲ್ಲಿ ಎಂಬುದಷ್ಟೇ ತಿಳಿಯಬೇಕಿತ್ತು. ಅತ್ತಿಗೆ ಒಂದೊಂದೇ ಸೂಜಿ ತೆಗೆದು ಪರದೆಗೆ ಚುಚ್ಚಿದಳು.

"ಇಲ್ಲೇ ಇಡ್ಲಾ, ಬಾಗಿಲ ಹತ್ರ ಇಡ್ಲಾ?"

"ಪರವಾಗಿಲ್ಲ, ಒಳಗೇ ತಗೊಂಡು ಬನ್ನಿ ಅತ್ತಿಗೆ," ಎಂದ ಚಕ್ರವರ್ತಿ.

ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

ಕಂಪನಿಯಾಕೆ ಮೈದುನನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ದುಭಾಷಿಯ ಹಾಳೆಯನ್ನು ಕತ್ತರಿಯ ಕೈಗೆ ಕೊಟ್ಟಳು. "ನೀವು ಕೇಳಿ. ಈ ನಿಷೇಧ ಎಲ್ಲ ಇಲ್ಲ ಅಂದ್ಕೊಳ್ಳಿ. ಅದೇ ಮಾತು, ಹಾಗೇ ಕೇಳಿ."

"ಬಂದೂಕು ಇಲ್ಲೇ ಇಡ್ಲಾ, ಬಾಗಿಲ ಹತ್ರ ಇಡ್ಲಾ?" ಎಂದ ಕತ್ತರಿ.

"ತಲೆ ಮೇಲೆ ಇಟ್ಕೋ. ಮೊದ್ಲು ದಾಳ ಹಾಕು," ಎಂದ ಚಕ್ರವರ್ತಿ.

"ಈಗ ನೀವು," ಎಂದು ಅತ್ತಿಗೆಗೆ ಮೆಕ್ಯಾನಿಕ್‌ನ ಹಾಳೆ ಕೊಟ್ಟಳು.

ಅತ್ತಿಗೆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸ್ವಲ್ಪ ಆ ಸಿಂಹಾಸನ ಈಚೆ ಸರಿಸ್ತೀಯಾ? ಅಡಿಯಲ್ಲಿ ಸ್ಪ್ಯಾನರ್ ಬಿದ್ದಿದೆ."

ಮೈದುನ ಕುರ್ಚಿಯಿಂದ ಎದ್ದೇಬಿಟ್ಟ.

ಕಂಪನಿಯಾಕೆ ನಕ್ಕಳು. ಗಟ್ಟಿ ಹೆಂಗಸು ನಕ್ಕರೆ ಹೇಗಿರುತ್ತದೆ ಎಂದರೆ, ಮೇಜಿನ ಮೇಲಿದ್ದ ಚಂದ್ರಗಳೆಲ್ಲ ಕದಲಿದವು. "ನಿಮ್ಮ ಕಸುಬುಗಳು ಸಮವಾಗೇ ಇವೆ ಕಣ್ರೀ. ಸಮ ಇಲ್ಲದಿರೋದು ನಿಮ್ಮ ಸಂಬಂಧ. ಅತ್ತಿಗೆಗೆ ಇಲ್ಲ ಅನ್ನೋಕೆ ಬರಲ್ಲ ನಿಮಗೆ. ಅದಕ್ಕೆ ಆ ಬಡಪಾಯಿ ದುಭಾಷಿಯ ಕೈಕಾಲು ಕತ್ತರಿಸ್ತಾ ಬಂದಿದೀರಿ. ಈ ಹಾಳೆ ಹರಿದುಹಾಕಿ. ಮೊದಲು ಹೇಗಿತ್ತೋ ಹಾಗೇ ಇರಲಿ."

"ಮತ್ತೆ ಅತ್ತಿಗೆ?" ಎಂದ ಮೈದುನ, ನಿಂತಲ್ಲೇ.

"ಅವರನ್ನೇನು ಪೆಟ್ಟಿಗೆಯಲ್ಲಿ ಹಾಕಿ ಮಾರ್ತೀವಾ? ಕೊಂಡವರಿಗೆ ಆ ತೊಂದರೆ ಇಲ್ಲ."

ಕತ್ತರಿ ಅತ್ತಿಗೆಯ ಕಡೆ ನೋಡದೆ ತನ್ನ ಉಗುರು ಪರೀಕ್ಷಿಸತೊಡಗಿದ. ಅತ್ತಿಗೆ ಅವನನ್ನು ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಬದಿಗಿಟ್ಟಳು. ಕಂಪನಿಯಾಕೆ ಕೈಚೀಲ ಹೆಗಲಿಗೇರಿಸುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತು.

"ಚೆನ್ನಾಗಿದೆ," ಎನ್ನುತ್ತಿದ್ದಳು ಆಕೆ. "ನಿಜವಾಗ್ಲೂ ಚೆನ್ನಾಗಿದೆ. ಈಗಲೇ ಏನೂ ಹೇಳೋಕಾಗಲ್ಲ. ಆಫೀಸಲ್ಲಿ ಮಾತಾಡಿ ನೋಡ್ತೀನಿ, ಮುಂದೆ ಯಾವಾಗ್ಲಾದ್ರೂ..."

ಮೈದುನ ಹೂಂ ಎಂದ, ಥೇಟ್ ಅಣ್ಣನ ಹಾಗೆ. ಅವನ ಕೈ ಆಗಲೇ ಕೆಂಪು ಗ್ರಹದ ಅಂಚು ಸವರುತ್ತಾ ಅದು ಎಷ್ಟು ಫೋಟೋಗೆ ಸಾಕಾದೀತು ಎಂದು ಅಳೆಯುತ್ತಿತ್ತು. ಚೆನ್ನಾಗಿದೆ, ನೋಡೋಣ, ಮುಂದೆ ಯಾವಾಗಲಾದರೂ: ಈ ಮಾತನ್ನು ಅತ್ತಿಗೆ ತನ್ನ ಮೆಟ್ಟಿಲ ಮೇಲೆ ಎಷ್ಟು ಸಲ ಕೇಳಿದ್ದಳೋ. ಹಾಗೆಂದು ಇಳಿದು ಹೋದವರು ಮತ್ತೆ ಹತ್ತಿ ಬಂದದ್ದಿಲ್ಲ.

ಅವಳು ಎದ್ದಳು. ಗ್ರಹಗಳನ್ನು ಒಂದರ ಮೇಲೊಂದು ಜೋಡಿಸಿದಳು. ಅವುಗಳ ಕೆಳಗೆ ಹಾಸಿದ್ದ ಆಕಾಶದ ನಕ್ಷೆಯನ್ನು ಮೆಲ್ಲಗೆ, ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು.

"ಬಿಡಿ ಮೇಡಂ," ಎಂದಳು. "ಇದು ನಿಮ್ಮ ಕಂಪನಿಗಲ್ಲ."

ಚೀಲ ಹೆಗಲ ಮೇಲೆ ಅರ್ಧಕ್ಕೇ ನಿಂತಿತು. "ಅಂದ್ರೆ? ಯಾಕಲ್ಲ?"

"ಏನಿಲ್ಲ. ನಿಮ್ಮದು ಬೇರೆ ತರದ ಗಿರಾಕಿ." ಇನ್ನೊಂದು ಮಡಿಕೆ. ಉಂಗುರವಿದ್ದ ಗ್ರಹ ಮರೆಯಾಯಿತು. ಕಂಪನಿಯಾಕೆಯ ಕಣ್ಣು ಅದರ ಹಿಂದೆಯೇ ಹೋಯಿತು.

"ನಮ್ಮ ಗಿರಾಕಿಗೆ ಏನಾಗಿದೆ? ನಾನು ಬೇಡ ಅಂದೆನಾ?"

ಅತ್ತಿಗೆ ಮಡಿಸುವುದನ್ನು ನಿಲ್ಲಿಸಿದಳು. ಮೇಜಿನ ಕೆಳಗಿನಿಂದ ಎರಡು ಖಾಲಿ ಪೆಟ್ಟಿಗೆ ಎಳೆದು ಪಕ್ಕಪಕ್ಕ ಇಟ್ಟಳು. ದನಿಯಲ್ಲಿ ಏನೂ ಇರಲಿಲ್ಲ, ಕಿಟಕಿಯ ಅಳತೆ ಕೇಳಿದಷ್ಟೇ ಸಹಜವಾಗಿತ್ತು.

"ಕಾರಲ್ಲಿ ತಗೊಂಡು ಹೋಗ್ತೀರಲ್ಲ, ದೊಡ್ಡದರಲ್ಲಿ ಹಾಕಿಕೊಡ್ಲಾ, ಚಿಕ್ಕದರಲ್ಲಿ ಹಾಕಿಕೊಡ್ಲಾ?"

ಕಂಪನಿಯಾಕೆ ಎರಡೂ ಪೆಟ್ಟಿಗೆಗಳನ್ನು ನೋಡಿದಳು. ಸ್ವಲ್ಪ ಯೋಚಿಸಿದಳು.

"ಚಿಕ್ಕದರಲ್ಲೇ ಹಾಕಿ ಅತ್ತಿಗೆ. ಮುಂದಿನ ತಿಂಗಳು ಮುದ್ರಣಕ್ಕೆ ಕಳಿಸ್ಬೇಕಾದ್ರೆ ಇವತ್ತೇ ಒಯ್ಬೇಕು."

ಆಡಿದ ಮಾತು ತನ್ನದೇ ಎಂದು ಆಕೆಗೆ ಗೊತ್ತಾಗುವಷ್ಟರಲ್ಲಿ ಆಕಾಶಬಂದರು ಚಿಕ್ಕ ಪೆಟ್ಟಿಗೆಯೊಳಗೆ ಕೂತು, ದಾರ ಬಿಗಿದುಕೊಂಡು, ಕೈಗೆ ಬಂದಿತ್ತು. ಆಕೆ ಪೆಟ್ಟಿಗೆಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. "ನಾನು ನಿಮ್ಮ ಮೈದುನ ಅಲ್ಲವಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

ಹಿಂದಿನ ಕೋಣೆಯಿಂದ, ಆ ವರ್ಷದಲ್ಲಿ ಅಣ್ಣ ಆಡಿದ ಅತಿ ಉದ್ದದ ಮಾತು ಕೇಳಿಬಂತು.

"ಮೇಡಂ, ನನಗೂ ಹಿಂಗೇ ಆಗಿದ್ದು."

ಆಮೇಲೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತು.